ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನಾಲ್ಕೇ ಅಂಕಿಯಲ್ಲಿ ಕರೆ

ಬೆಂಗಳೂರಿನ ಕಚೇರಿಯಲ್ಲೊಂದು ಆಸ್ಟರಿಸ್ಕ್ ಪಿಬಿಎಕ್ಸ್ (ಕಚೇರಿಯ ಫೋನುಗಳನ್ನು ಜೋಡಿಸುವ ಎಕ್ಸ್‌ಚೇಂಜ್ ತಂತ್ರಾಂಶ), ಫ್ರಾಂಕ್‌ಫರ್ಟ್ ಶಾಖೆಯಲ್ಲಿ ಇನ್ನೊಂದು. ಎರಡನ್ನೂ ಇಂಟರ್‌ನೆಟ್ ಮೂಲಕ ಜೋಡಿಸುವುದು ಅರ್ಧ ದಿನದ ಕೆಲಸ. ದನಿ ಸ್ಪಷ್ಟವಾಗಿ ಕೇಳುವಂತೆ ಮಾಡುವುದಕ್ಕೆ ಹೆಚ್ಚು ತಾಳ್ಮೆ ಬೇಕು. ದುಬಾರಿ ಲೈನ್ ಹಾಕಿಸಿದರೆ ಎಲ್ಲ ಸರಿಹೋದೀತು ಎಂದು ನಂಬುವವರು ಬಹಳ. ಆದರೆ ಏಕಕಾಲಕ್ಕೆ ಹತ್ತು ಕರೆ ನಡೆದರೂ ಬೇಕಾಗುವುದು ಒಂದು ಎಂಬಿಪಿಎಸ್ ಚಿಲ್ಲರೆ. ಕಾಡುವುದು ವಿಳಂಬ.

ಮೊದಲು ಅಳೆಯಿರಿ

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಜಿ.114 ಶಿಫಾರಸಿನ ಪ್ರಕಾರ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಮಾತು ಸರಾಗ. ಫೈಬರಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಸಾಗುತ್ತದೆ. ಸಮುದ್ರದಡಿಯ ಸುತ್ತುಬಳಸಿನ ಹಾದಿ 10,000 ಕಿ.ಮೀ. ಎಂದಿಟ್ಟುಕೊಂಡರೆ ಅಲ್ಲೇ 50 ಹೋಯಿತು. ದನಿಯನ್ನು ಪ್ಯಾಕೆಟ್‌ಗೆ ತುಂಬಲು 20, ಪ್ಯಾಕೆಟ್‌ಗಳು ಏರುಪೇರಾಗಿ ಬಂದರೂ ದನಿ ಸಮವಾಗಿ ಕೇಳಲೆಂದು ಫೋನು ತುಸು ತಡೆದಿಟ್ಟುಕೊಳ್ಳುವ ಜಿಟರ್ ಬಫರ್‌ಗೆ 40. ಉಳಿದದ್ದು ಬರೀ 40.

200 ಬೈಟ್‌ಗಳ ಪಿಂಗ್ (ಹೋಗಿ ಮರಳುವ ಪರೀಕ್ಷಾ) ಪ್ಯಾಕೆಟ್‌ಗಳನ್ನು 20 ಮಿಲಿಸೆಕೆಂಡಿಗೊಂದರಂತೆ ಹದಿನೈದು ನಿಮಿಷ ಕಳುಹಿಸಿ ನೋಡಿ. ನಮ್ಮ ಮಧ್ಯಾಹ್ನ ಒಂದೂವರೆಯಿಂದ ಸಂಜೆ ಆರೂವರೆಯೊಳಗೆ ಅಳೆಯಿರಿ, ಎರಡೂ ಕಡೆ ಕೆಲಸ ನಡೆಯುವುದು ಆಗಲೇ. ಪ್ಯಾಕೆಟ್ ನಷ್ಟ ಶೇ 1ಕ್ಕಿಂತ, ವಿಳಂಬದ ಏರಿಳಿತ 30 ಮಿಲಿಸೆಕೆಂಡಿಗಿಂತ ಕಡಿಮೆ ಇರಬೇಕು. ಇಲ್ಲವಾದರೆ ಬೇರೆ ಕಂಪನಿಯ ಲೈನ್ ಪರೀಕ್ಷಿಸಿ. ಕೆಲವರ ಹಾದಿ ಸಿಂಗಪುರ ಸುತ್ತಿ ಹೋಗುವುದೂ ಉಂಟು. 2024ರ ಫೆಬ್ರವರಿಯಲ್ಲಿ ಕೆಂಪು ಸಮುದ್ರದ ಕೇಬಲ್‌ಗಳು ತುಂಡಾದಾಗ ಏಷ್ಯಾ-ಯುರೋಪ್ ನಡುವಿನ ಸಂಚಾರದ ಒಂದು ಭಾಗ ಬಳಸುದಾರಿ ಹಿಡಿದಿತ್ತು.

ಸುರಂಗ, ವಿಳಾಸ, ಸಂಖ್ಯೆ

ಇಂಟರ್‌ನೆಟ್ ಕರೆಗಳನ್ನು ಜೋಡಿಸುವ ಎಸ್‌ಐಪಿ ವಿಧಾನದ 5060 ಪೋರ್ಟನ್ನು ಹೊರಜಗತ್ತಿಗೆ ತೆರೆದಿಡಬೇಡಿ. ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಬೇಗನೆ ಮುತ್ತಿಕೊಳ್ಳುತ್ತವೆ. ಎರಡೂ ಕಡೆ ವೈರ್‌ಗಾರ್ಡ್ (ಇಂಟರ್‌ನೆಟ್ ಒಳಗೆ ಗೂಢಲಿಪಿಯ ಖಾಸಗಿ ಸುರಂಗ ಕಟ್ಟುವ ವಿಪಿಎನ್ ತಂತ್ರಾಂಶ) ಹಾಕಿ, ಯುಡಿಪಿ 51820 ಒಂದನ್ನೇ ತೆರೆಯಿರಿ. ಎರಡೂ ಕಚೇರಿಯ ಒಳಜಾಲದಲ್ಲಿ 192.168.1 ವಿಳಾಸ ಸರಣಿಯೇ ಇದ್ದರೆ ಸುರಂಗ ಎದ್ದರೂ ಕರೆ ತಲುಪದು. ಬೆಂಗಳೂರಿಗೆ 10.80.0, ಫ್ರಾಂಕ್‌ಫರ್ಟ್‌ಗೆ 10.69.0 ಕೊಡಿ. ಎಸ್‌ಟಿಡಿ ಕೋಡ್ 080 ಮತ್ತು 069 ಆದ್ದರಿಂದ ನೆನಪಿಡಲೂ ಸುಲಭ. ಒಳಸಂಖ್ಯೆಗಳೂ ಅದೇ ರೀತಿ: ಇಲ್ಲಿ 80ರಿಂದ, ಅಲ್ಲಿ 69ರಿಂದ ಶುರುವಾಗುವ ನಾಲ್ಕಂಕಿ.

ಕೊಡೆಕ್

ಕೊಡೆಕ್ ಎಂದರೆ ದನಿಯನ್ನು ಡಿಜಿಟಲ್ ರೂಪಕ್ಕೆ ತರುವ ವಿಧಾನ. ಭಾರತ, ಜರ್ಮನಿ ಎರಡೂ ಕಡೆ ಬಳಕೆಯಲ್ಲಿರುವುದು ಜಿ.711 ಕೊಡೆಕ್‌ನ ಎ-ಲಾ ರೂಪ. ಎರಡೂ ಪಿಬಿಎಕ್ಸ್‌ಗಳಲ್ಲಿ ಅದೊಂದನ್ನೇ ಅನುಮತಿಸಿದರೆ ನಡುವೆ ಪರಿವರ್ತನೆಯ ಗೊಡವೆಯಿಲ್ಲ. ಉಳಿತಾಯಕ್ಕೆಂದು ದನಿಯನ್ನು ಹೆಚ್ಚು ಹಿಂಡುವ ಜಿ.729 ಕೊಡೆಕ್ ಹಾಕುವವರು ಲೆಕ್ಕ ನೋಡಲಿ: ದನಿಯ ಭಾಗ 64 ಕೆಬಿಪಿಎಸ್‌ನಿಂದ 8ಕ್ಕೆ ಇಳಿಯುತ್ತದೆ, ಆದರೆ ಪ್ರತಿ ಪ್ಯಾಕೆಟ್‌ನ ತಲೆಬರಹ (ವಿಳಾಸ ಇತ್ಯಾದಿ ಇರುವ ಹೆಡರ್) ಮತ್ತು ವೈರ್‌ಗಾರ್ಡ್ ಹೊದಿಕೆ ಅಷ್ಟೇ ಇರುತ್ತವೆ. ಹಾಗಾಗಿ ಸುರಂಗದಲ್ಲಿ 107 ಕೆಬಿಪಿಎಸ್ ಇದ್ದದ್ದು 50ರ ಆಸುಪಾಸಿಗೆ ಬರುತ್ತದೆ. ಎಂಟು ಪಟ್ಟು ಹಿಂಡಿದ ದನಿಗೆ ಸಿಕ್ಕಿದ್ದು ಅರ್ಧದಷ್ಟು ಉಳಿತಾಯ! ಲೈನಿನಲ್ಲಿ ಪ್ಯಾಕೆಟ್ ನಷ್ಟ ತಪ್ಪದಿದ್ದರೆ ಓಪಸ್ ಕೊಡೆಕ್ ಪ್ರಯತ್ನಿಸಿ, ಕಳೆದುಹೋದ ಪ್ಯಾಕೆಟನ್ನು ಸರಿದೂಗಿಸುವ ವ್ಯವಸ್ಥೆ ಅದರಲ್ಲಿದೆ.

ರೌಟರ್

ಯಾರೋ ದೊಡ್ಡ ಫೈಲ್ ಅಪ್‌ಲೋಡ್ ಮಾಡಿದೊಡನೆ ಮಾತು ತುಂಡುತುಂಡಾದರೆ ರೌಟರ್‌ನ ಸರತಿ ತುಂಬಿದೆ ಎಂದರ್ಥ. ಅಪ್‌ಲೋಡ್ ಮಿತಿಯನ್ನು ಲೈನಿನ ನಿಜವಾದ ವೇಗದ ಶೇ 90ಕ್ಕೆ ಇಳಿಸಿ, ಸರತಿ ಉದ್ದವಾಗದಂತೆ ನೋಡಿಕೊಳ್ಳುವ ಕೇಕ್ ಅಥವಾ ಎಫ್‌ಕ್ಯೂ-ಕೋಡೆಲ್ ಚಾಲೂ ಮಾಡಿ. ದನಿ ಪ್ಯಾಕೆಟ್‌ಗಳಿಗೆ ಫೋನು ಹಾಕುವ ಆದ್ಯತೆಯ ಗುರುತನ್ನು (ಡಿಎಸ್‌ಸಿಪಿ 46) ವೈರ್‌ಗಾರ್ಡ್ ಹೊರಹೊದಿಕೆಗೆ ನಕಲಿಸುವುದಿಲ್ಲ. ಸುರಂಗವನ್ನು ದನಿಗಷ್ಟೇ ಮೀಸಲಿಟ್ಟು 51820 ಪೋರ್ಟಿಗೇ ಆದ್ಯತೆ ಕೊಡುವುದು ಸುಲಭದ ದಾರಿ.

ಒಬ್ಬರದಷ್ಟೇ ಕೇಳಿಸುತ್ತಿದ್ದರೆ

ಫೋನು ಗಣಗಣಿಸುತ್ತದೆ, ಎತ್ತಿದರೆ ಒಂದು ಕಡೆ ಮೌನ. ಹೆಚ್ಚಿನ ಸಲ ಪಿಬಿಎಕ್ಸ್ ತನ್ನ ಸಾರ್ವಜನಿಕ ವಿಳಾಸವನ್ನು ಆಚೆಯವರಿಗೆ ಹೇಳಿರುತ್ತದೆ. ಆಸ್ಟರಿಸ್ಕ್‌ನ 'ಲೋಕಲ್ ನೆಟ್' ಪಟ್ಟಿಗೆ ಆಚೆ ಬದಿಯ ಸರಣಿಯನ್ನೂ ಸೇರಿಸಿ. 'ಡೈರೆಕ್ಟ್ ಮೀಡಿಯಾ'ಗೆ 'ನೋ' ಕೊಡಿ, ಇಲ್ಲವಾದರೆ ಫೋನುಗಳು ಪಿಬಿಎಕ್ಸನ್ನು ಬಿಟ್ಟು ನೇರವಾಗಿ ಪರಸ್ಪರ ಹುಡುಕಲು ಹೊರಡುತ್ತವೆ. ಸುರಂಗವಿಲ್ಲದೆ ಜೋಡಿಸಿದವರು ಕರೆಯ ಸಂದೇಶಗಳಲ್ಲಿನ ವಿಳಾಸ ತಿದ್ದುವ ರೌಟರ್‌ನ 'ಎಸ್‌ಐಪಿ ಎಎಲ್‌ಜಿ'ಯನ್ನೂ ಆಫ್ ಮಾಡಬೇಕು.

ಜರ್ಮನಿಯಿಂದ ಬಂದ ಕರೆಯನ್ನು ಬೆಂಗಳೂರಿನ ಪಿಬಿಎಕ್ಸ್ ಮೂಲಕ ಇಲ್ಲಿನ ಮೊಬೈಲಿಗೋ ಸ್ಥಿರ ದೂರವಾಣಿಗೋ ದಾಟಿಸುವ ಯೋಚನೆ ಬೇಡ. ಪರವಾನಗಿಯಿಲ್ಲದೆ ಹಾಗೆ ಮಾಡುವುದು ಭಾರತದಲ್ಲಿ ಅಪರಾಧ. ಯಾವ ಸಂಖ್ಯೆ ಒತ್ತಿದರೆ ಕರೆ ಎಲ್ಲಿಗೆ ಎಂಬ ಡಯಲ್ ಪ್ಲಾನ್ ಬರೆಯುವಾಗ ಸುರಂಗದಿಂದ ಬರುವ ಕರೆಗಳಿಗೆ 80ರ ಸರಣಿ ಬಿಟ್ಟು ಬೇರೇನೂ ಸಿಗದಂತೆ ಪ್ರತ್ಯೇಕ ಕಾಂಟೆಕ್ಸ್ಟ್ (ಡಯಲ್ ಪ್ಲಾನಿನ ವಿಭಾಗ) ಇಡಿ.