ಒಂದೇ ಅರ್ಜಿ, ಒಂಬತ್ತು ಕ್ಯಾಂಪಸ್: ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಅರ್ಜಿ ಹಾಕುವುದು ಹೇಗೆ?

ನವೆಂಬರ್ ಮೂರನೇ ವಾರ ಬಂತು ಅಂದರೆ ನನಗೆ ಫೋನ್ ಶುರು. ನೆಂಟರ ಮಕ್ಕಳು, ಅವರ ಗೆಳೆಯರು, ಆ ಗೆಳೆಯರ ಅಪ್ಪ ಅಮ್ಮ. ‘ಬರ್ಕ್ಲಿಗೆ ಬರೆದಿದ್ದನ್ನೇ ಯುಸಿಎಲ್‌ಎಗೂ ಹಾಕಬಹುದಾ?’ ಅಂತ ಕೇಳುತ್ತಾರೆ. ಬರ್ಕ್ಲಿ, ಯುಸಿಎಲ್‌ಎ (ಲಾಸ್ ಏಂಜಲೀಸ್‌ನದು) ಎರಡೂ ಈ ಯೂನಿವರ್ಸಿಟಿಯ ಕ್ಯಾಂಪಸ್‌ಗಳೇ. ಹಾಕಬಹುದಾ ಅನ್ನುವ ಪ್ರಶ್ನೆಯೇ ಇಲ್ಲ. ಅರ್ಜಿ ಇರುವುದೇ ಒಂದು. ಅದು ತಾನಾಗಿಯೇ ನೀವು ಆರಿಸಿದ ಎಲ್ಲ ಕ್ಯಾಂಪಸ್‌ಗೂ ಹೋಗುತ್ತದೆ. ಇದು ಗೊತ್ತಿಲ್ಲದೆ ಒಳ್ಳೆಯ ಮಕ್ಕಳು ಎಡವಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಈ ಲೇಖನ.

ಹೆಜ್ಜೆ 1: ಇದು ಯಾವ ಯೂನಿವರ್ಸಿಟಿ ಅಂತ ತಿಳಿದುಕೊಳ್ಳಿ

ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ, 1868ರಲ್ಲಿ ಶುರುವಾದ ಸರ್ಕಾರಿ ವಿಶ್ವವಿದ್ಯಾಲಯ. ಈಗ 10 ಕ್ಯಾಂಪಸ್ ಇವೆ: ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ, ಡೇವಿಸ್, ಅರ್ವೈನ್, ಸಾಂತಾ ಬಾರ್ಬರಾ, ಸಾಂತಾ ಕ್ರೂಝ್, ರಿವರ್‌ಸೈಡ್, ಮರ್ಸೆಡ್, ಸ್ಯಾನ್ ಫ್ರಾನ್ಸಿಸ್ಕೊ. ಕೊನೆಯದು ಆರೋಗ್ಯ ವಿಜ್ಞಾನದ್ದು. ಪಿಯುಸಿ ಮುಗಿಸಿ ನೇರ ಅಲ್ಲಿಗೆ ಸೇರಲು ಆಗುವುದಿಲ್ಲ. ಉಳಿದಿದ್ದು ಒಂಬತ್ತು.

ಕ್ಯಾಲ್ ಸ್ಟೇಟ್, ಅಂದರೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಬೇರೆ. ಸ್ಯಾನ್ ಹೋಸೆ ಸ್ಟೇಟ್ ಆ ಗುಂಪಿನದು. ಯುಎಸ್‌ಸಿ, ಅಂದರೆ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ, ಖಾಸಗಿ, ಅದೂ ಬೇರೆ. 1960ರಲ್ಲಿ ರಾಜ್ಯ ಒಂದು ದೊಡ್ಡ ಯೋಜನೆ ಮಾಡಿ ಸಂಶೋಧನೆ, ಪಿಎಚ್‌ಡಿ ಕೆಲಸವನ್ನು ಮುಖ್ಯವಾಗಿ ಯುಸಿಗೆ ವಹಿಸಿತು. ಹೆಸರು ಒಂದೇ ಥರ ಕೇಳಿಸಿದರೂ ಅರ್ಜಿ, ಶುಲ್ಕ, ಕೊನೆಯ ದಿನ ಎಲ್ಲ ಬೇರೆ ಬೇರೆ.

ಎಂಎಸ್‌ಗೆ ಹೋಗುವವರು ಇಲ್ಲೇ ನಿಲ್ಲಿ. ನಿಮಗೆ ಈ ಒಂದೇ ಅರ್ಜಿಯ ಅನುಕೂಲ ಇಲ್ಲ. ಆಯಾ ಕ್ಯಾಂಪಸ್‌ಗೆ, ಆಯಾ ಕೋರ್ಸ್‌ಗೆ ಪ್ರತ್ಯೇಕವಾಗಿ ಹಾಕಬೇಕು.

ಹೆಜ್ಜೆ 2: ಕ್ಯಾಂಪಸ್ ಆರಿಸಿ

ಎಲ್ಲರೂ ಬರ್ಕ್ಲಿ, ಯುಸಿಎಲ್‌ಎ ಅಂತ ಎರಡು ಗುರುತು ಹಾಕಿ ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೃಷಿ, ಪಶುವೈದ್ಯದ ಕಡೆ ಒಲವಿದ್ದರೆ ಡೇವಿಸ್ ನೋಡಿ. ಅದು ಹುಟ್ಟಿದ್ದೇ ಯೂನಿವರ್ಸಿಟಿಯ ತೋಟವಾಗಿ. ರಿವರ್‌ಸೈಡ್‌ನ ಬೇರು 1907ರ ಕಿತ್ತಳೆ, ನಿಂಬೆ ಬೆಳೆಯ ಸಂಶೋಧನಾ ಕೇಂದ್ರದಲ್ಲಿದೆ. ಸಮುದ್ರ ವಿಜ್ಞಾನ ಅಂದರೆ ಸ್ಯಾನ್ ಡಿಯಾಗೊದ ಸ್ಕ್ರಿಪ್ಸ್ ಸಂಸ್ಥೆ. ಮರ್ಸೆಡ್ 2005ರಲ್ಲಿ ಬಾಗಿಲು ತೆರೆದ, ಎಲ್ಲಕ್ಕಿಂತ ಚಿಕ್ಕ ವಯಸ್ಸಿನ ಕ್ಯಾಂಪಸ್.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಬರ್ಕ್ಲಿ, ಮರ್ಸೆಡ್‌ನಲ್ಲಿ ಸೆಮಿಸ್ಟರ್. ಉಳಿದ ಏಳರಲ್ಲಿ ಕ್ವಾರ್ಟರ್, ಪಾಠ ಹತ್ತೇ ವಾರ. ಪರೀಕ್ಷೆ ಹತ್ತಿರ ಬಂದಾಗ ಓದಿದರಾಯಿತು ಅನ್ನುವ ಅಭ್ಯಾಸ ಇರುವ ಮಕ್ಕಳಿಗೆ ಕ್ವಾರ್ಟರ್ ತುಂಬಾ ಕಷ್ಟ.

ಹೊರದೇಶದವರಿಗೆ ಅರ್ಜಿ ಶುಲ್ಕ ಒಂದೊಂದು ಕ್ಯಾಂಪಸ್‌ಗೂ 95 ಡಾಲರ್. ಆರು ಆರಿಸಿದರೆ 570. ಸೀಟು ಸಿಕ್ಕ ಮೇಲೆ ಕ್ಯಾಲಿಫೋರ್ನಿಯಾದವರು ಕಟ್ಟುವ ಶುಲ್ಕದ ಜೊತೆಗೆ ಹೊರಗಿನವರು ವರ್ಷಕ್ಕೆ 30 ಸಾವಿರ ಡಾಲರ್‌ಗಿಂತ ಜಾಸ್ತಿ ಕಟ್ಟಬೇಕು. ಈ ಲೆಕ್ಕವನ್ನು ಮನೆಯಲ್ಲಿ ಕೂತು ಮೊದಲೇ ಮಾಡಿ.

ಹೆಜ್ಜೆ 3: ಅಂಕ ತುಂಬಿ

ಒಂಬತ್ತನೇ ತರಗತಿಯಿಂದ ಎಲ್ಲ ಅಂಕಪಟ್ಟಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿಯದ್ದು ಎಲ್ಲರ ಹತ್ತಿರ ಇರುತ್ತದೆ, ಒಂಬತ್ತನೆಯದು ಇರುವುದಿಲ್ಲ. ಸೆಪ್ಟೆಂಬರ್‌ನಲ್ಲೇ ಶಾಲೆಗೆ ಹೋಗಿ ತನ್ನಿ. ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ತುಂಬಿ. ಜಿಪಿಎಗೆ, ಅಂದರೆ ಅಮೆರಿಕದ ಗ್ರೇಡ್ ಸರಾಸರಿಗೆ, ಬದಲಿಸಿ ಕೊಡುತ್ತೇವೆ ಅನ್ನುವ ಏಜೆನ್ಸಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯ ಅಂಕವನ್ನು ಇಲ್ಲಿ ಸೀಟು ಕೊಡುವಾಗ ನೋಡುವುದಿಲ್ಲ. ಬರೀ ಯುಸಿಗೆ ಹಾಕುವವರಿಗೆ ಆ ಕೋಚಿಂಗ್ ಬೇಡವೇ ಬೇಡ.

ಹೆಜ್ಜೆ 4: ನಾಲ್ಕು ಉತ್ತರ

ಮಕ್ಕಳು ಮುಗ್ಗರಿಸುವುದು ಇಲ್ಲೇ. ಎಂಟು ಪ್ರಶ್ನೆ ಇರುತ್ತವೆ. ನಾಲ್ಕನ್ನು ಆರಿಸಿ, ಒಂದೊಂದಕ್ಕೂ ಇಂಗ್ಲಿಷ್‌ನಲ್ಲಿ ಹೆಚ್ಚೆಂದರೆ 350 ಪದ ಬರೆಯಬೇಕು. ಮುಂದಾಳತ್ವ, ಸೃಜನಶೀಲತೆ, ಇರುವ ಕೌಶಲ, ಎದುರಿಸಿದ ಕಷ್ಟ, ಇಷ್ಟದ ಪಾಠ, ಊರಿಗೋ ಶಾಲೆಗೋ ಮಾಡಿದ ಕೆಲಸ, ಹೀಗೆ.

ಮೊದಲ ತಪ್ಪು, ಕ್ಯಾಂಪಸ್ ಹೆಸರು ಬರೆಯುವುದು. ‘ಬರ್ಕ್ಲಿ ನನ್ನ ಬಾಲ್ಯದ ಕನಸು’ ಅಂತ ಬರೆದರೆ ಅದನ್ನು ಅರ್ವೈನ್‌ನವರೂ ಓದುತ್ತಾರೆ, ಡೇವಿಸ್‌ನವರೂ ಓದುತ್ತಾರೆ. ಎಲ್ಲರ ಕೈಗೂ ಹೋಗುವುದು ಅದೇ ನಾಲ್ಕು ಉತ್ತರ.

ಎರಡನೆಯದು, ಭಾಷಣ. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ಮುಂದಾಳತ್ವದ ಪ್ರಶ್ನೆಗೆ ಚರ್ಚಾಸ್ಪರ್ಧೆ, ಕಲಾಂ ಅವರ ಮಾತು, ‘ನಾಳೆಯ ನಾಯಕಿ’ ಎಲ್ಲ ಬರೆದು ಕಳಿಸಿದ್ದಳು. ಓದಿದರೆ ಅವಳೇ ಅದರಲ್ಲಿ ಇರಲಿಲ್ಲ. ‘ಅಡಿಕೆ ಸುಗ್ಗಿಯಲ್ಲಿ ರಾತ್ರಿ ಏನು ಮಾಡ್ತೀಯಮ್ಮಾ?’ ಅಂತ ಕೇಳಿದೆ. ಅಡಿಕೆ ಸುಲಿಯುವವರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಅಜ್ಜನ ಲೆಕ್ಕದ ಬಗ್ಗೆ ದಿನಾ ತಕರಾರು ಆಗುತ್ತಿತ್ತಂತೆ. ಇವಳು ಒಂದು ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರ ಹೆಸರಿಗೂ ಒಂದು ಸಾಲು ಮಾಡಿದಳು. ಡಬ್ಬ ತುಂಬಿದ ಕೂಡಲೇ ಸುಲಿದವರೇ ತಮ್ಮ ಸಾಲಿನಲ್ಲಿ ಗೀಟು ಎಳೆಯಬೇಕು. ವಾರದೊಳಗೆ ಜಗಳ ನಿಂತಿತು. ಇದಕ್ಕಿಂತ ಒಳ್ಳೆಯ ಉತ್ತರ ಬೇಕಾ? ಅದನ್ನೇ ಬರೆಸಿದೆ.

ಆದ್ದರಿಂದ ನನ್ನ ಕ್ರಮ ಇದು. ಮೊದಲು ಬರೆಯಲೇಬೇಡಿ. ಅಜ್ಜಿಗೋ ಅತ್ತೆಗೋ ಕನ್ನಡದಲ್ಲೇ ಬಾಯಿಬಿಟ್ಟು ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಏನಾಗಿತ್ತು, ನೀವು ಏನು ಮಾಡಿದಿರಿ, ಆಮೇಲೆ ಏನು ಬದಲಾಯಿತು. ಅದನ್ನು ಕೇಳಿಸಿಕೊಂಡು ಇಂಗ್ಲಿಷ್‌ನಲ್ಲಿ ಬರೆಯಿರಿ. ಪೀಠಿಕೆ ಬೇಡ, ಮೊದಲ ಸಾಲಿನಲ್ಲೇ ವಿಷಯಕ್ಕೆ ಬನ್ನಿ. ‘ನಾನು’ ಅಂತ ಬರೆಯಲು ಸಂಕೋಚ ಬೇಡ. ನಮ್ಮ ಮಕ್ಕಳಿಗೆ ‘ನಾವು ಮಾಡಿದೆವು’ ಅನ್ನುವುದೇ ವಿನಯ. ಆದರೆ ಓದುವವರಿಗೆ ನೀವು ಏನು ಮಾಡಿದಿರಿ ಅಂತ ಗೊತ್ತಾಗಬೇಕು, ಅಲ್ವಾ? ನಾಲ್ಕೂ ಉತ್ತರ ಒಂದೇ ಸಂಗತಿ ಹೇಳಬಾರದು. ಅಡಿಕೆ ಒಂದರಲ್ಲಿ ಬಂದರೆ ಸಾಕು.

ಅಪ್ಪ ಅಮ್ಮ ಕಾಗುಣಿತ ನೋಡಲಿ, ವಾಕ್ಯ ತಿದ್ದುವುದು ಬೇಡ. 17 ವರ್ಷದ ಮಗುವಿನ ಮಾತು 45 ವರ್ಷದವರ ಇಂಗ್ಲಿಷ್ ಆಗಿಬಿಡುತ್ತದೆ. ಸಿದ್ಧ ಪ್ರಬಂಧ ಮಾರುವವರ ಹತ್ತಿರವಂತೂ ಸುಳಿಯಬೇಡಿ. ನಕಲು ಹಿಡಿಯುವ ಪರಿಶೀಲನೆ ಅಲ್ಲಿ ಇದೆ.

ಹೆಜ್ಜೆ 5: ಕಳಿಸಿ

ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತದೆ. ಅಕ್ಟೋಬರ್ 1ರಿಂದ ನವೆಂಬರ್ ಕೊನೆಯವರೆಗೆ ಕಳಿಸಬಹುದು. ನನ್ನನ್ನು ಕೇಳಿದರೆ ನವೆಂಬರ್ 15ಕ್ಕೆ ಕಳಿಸಿಬಿಡಿ. ಮೊದಲು ಕಳಿಸಿದವರಿಗೆ ಲಾಭ ಇಲ್ಲ ನಿಜ, ಆದರೆ ಕೊನೆಯ ದಿನ ಕಾರ್ಡ್ ಪಾವತಿ ಸಿಕ್ಕಿಹಾಕಿಕೊಂಡು ಅಳುವ ಮಕ್ಕಳನ್ನು ನೋಡಿದ್ದೇನೆ. ಫಲಿತಾಂಶ ಮಾರ್ಚ್ ಕೊನೆಯೊಳಗೆ ಬರುತ್ತದೆ. ಬರುತ್ತೇವೋ ಇಲ್ಲವೋ ಅಂತ ಮೇ 1ರೊಳಗೆ ತಿಳಿಸಬೇಕು.

ಅರ್ಜಿಯಲ್ಲಿ ಕೊಡುವ ಇ-ಮೇಲ್ ವಿದ್ಯಾರ್ಥಿಯದೇ ಇರಲಿ, ಏಜೆಂಟರದ್ದು ಬೇಡ. ಕೆಲವರನ್ನು ಸುಮ್ನೆ ಹಾಗೇ ಆರಿಸಿ, ಬರೆದಿದ್ದಕ್ಕೆ ಪುರಾವೆ ಕೇಳುತ್ತಾರೆ. ಆ ಪತ್ರಕ್ಕೆ ಉತ್ತರ ಹೋಗದಿದ್ದರೆ ಅರ್ಜಿ ರದ್ದಾಗುತ್ತದೆ. ಕಳಿಸಿದ ದಿನದಿಂದ ಫೆಬ್ರವರಿ ಕೊನೆಯವರೆಗೆ ಸ್ಪ್ಯಾಮ್ ಪೆಟ್ಟಿಗೆಯನ್ನೂ ಸೇರಿಸಿ ದಿನಾ ಒಮ್ಮೆ ತೆರೆದು ನೋಡಿ.