ಪ್ರಮೋಟ್ ಆದದ್ದು ಯಾರು, ಮಾಡಿದ್ದು ಯಾರು?

ಮಂಗಳೂರು, ಉಡುಪಿ ಕಡೆ ಪ್ರಮೋಷನ್ ಅಂದರೆ ಚಿಕ್ಕ ಮಕ್ಕಳಿಗೂ ಗೊತ್ತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ ಊರುಗಳಲ್ವಾ! ಪ್ರಮೋಷನ್ ಸುದ್ದಿಯ ಬೆನ್ನಿಗೇ ‘ಟ್ರಾನ್ಸ್‌ಫರ್ ಎಲ್ಲಿಗೆ?’ ಎಂಬ ಪ್ರಶ್ನೆಯೂ ಬರುತ್ತದೆ. ಆದರೆ ಈ ಸುದ್ದಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಎಡವುವವರು ಜಾಸ್ತಿ.

ಮೊದಲು, ‘ಆಗು’ ಮತ್ತು ‘ಮಾಡು’ ಬೇರ್ಪಡಿಸಿಕೊಳ್ಳಿ. ನಾವು ‘ಪ್ರಮೋಟ್ ಆದೆ’ ಅನ್ನುತ್ತೇವೆ. ಅದನ್ನೇ ‘ಐ ಪ್ರಮೋಟೆಡ್’ ಎಂದು ಬರೆದರೆ ‘ನಾನೇ ಇನ್ಯಾರಿಗೋ ಬಡ್ತಿ ಕೊಟ್ಟೆ’ ಎಂದಾಗುತ್ತದೆ. ಬಡ್ತಿ ಸಿಕ್ಕಿದ್ದು ನಿಮಗಾದರೆ ‘ಐ ವಾಸ್ ಪ್ರಮೋಟೆಡ್’ ಎನ್ನಿ. ಮಾತಿನಲ್ಲಿ ‘ಐ ಗಾಟ್ ಪ್ರಮೋಟೆಡ್’ ಸಾಕು. ‘ಐ ಗಾಟ್ ಪ್ರಮೋಷನ್’ ಎನ್ನುವವರು ನಡುವೆ ಒಂದು ‘ಎ’ ಸೇರಿಸಿಕೊಳ್ಳಿ: ‘ಐ ಗಾಟ್ ಎ ಪ್ರಮೋಷನ್’.

ಆಮೇಲೆ ಹುದ್ದೆ. ಇಲ್ಲಿ ‘ಟು’ ಬೇಕು, ‘ಆ್ಯಸ್’ ಅಲ್ಲ. ‘ಶಿ ವಾಸ್ ಪ್ರಮೋಟೆಡ್ ಟು ಮ್ಯಾನೇಜರ್.’ ಎಲ್ಲಿಂದ ಎಲ್ಲಿಗೆ ಎಂದು ಹೇಳಬೇಕಿದ್ದರೆ ‘ಫ್ರಮ್ ಸ್ಕೇಲ್ ಒನ್ ಟು ಸ್ಕೇಲ್ ಟೂ’ (ಸ್ಕೇಲ್ ಅಂದರೆ ಬ್ಯಾಂಕ್ ಅಧಿಕಾರಿಗಳ ದರ್ಜೆ). ನಮ್ಮಲ್ಲಿ ‘ಪ್ರಮೋಟೆಡ್ ಆ್ಯಸ್ ಮ್ಯಾನೇಜರ್’ ಎಂಬ ಬಳಕೆ ಬಹಳ ಇದೆ, ಎಲ್ಲರಿಗೂ ಅರ್ಥವೂ ಆಗುತ್ತದೆ. ಆದರೂ ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ‘ಟು’ ಬರೆಯುವುದೇ ಕ್ಷೇಮ. ಏಕೆಂದರೆ ‘ಆ್ಯಸ್’ಗೆ ಬೇರೆ ಕೆಲಸವಿದೆ. ‘ಮಲ್ಪೆ ಈಸ್ ಪ್ರಮೋಟೆಡ್ ಆ್ಯಸ್ ಎ ಟೂರಿಸ್ಟ್ ಸ್ಪಾಟ್’ ಅಂದರೆ ಮಲ್ಪೆಗೆ ಬಡ್ತಿ ಸಿಕ್ಕಿಲ್ಲ, ಪ್ರವಾಸಿ ತಾಣ ಎಂದು ಪ್ರಚಾರ ಮಾಡುತ್ತಿದ್ದಾರೆ ಅಷ್ಟೇ. ತುಳು ಸಿನಿಮಾ ತಂಡ ಕಾಲೇಜಿಗೆ ಪ್ರಮೋಷನ್‌ಗೆ ಬರುವುದೂ ಇದೇ ಅರ್ಥದಲ್ಲಿ.

ಮೇಲಕ್ಕೇರಿದ್ದೆಲ್ಲ ಪ್ರಮೋಟ್ ಅಲ್ಲ. ನೌಕರ, ವಿದ್ಯಾರ್ಥಿ, ಫುಟ್‌ಬಾಲ್ ತಂಡ ಪ್ರಮೋಟ್ ಆಗುತ್ತಾರೆ. ಚೆಸ್‌ನಲ್ಲಿ ಕೊನೆಯ ಸಾಲು ಮುಟ್ಟಿದ ಪದಾತಿಯೂ ಹಾಗೆಯೇ. ಆದರೆ ಪುರಸಭೆ ನಗರಸಭೆಯಾದರೆ, ಫೋನು ಹೊಸದಾದರೆ ‘ಅಪ್‌ಗ್ರೇಡ್’. ಹುದ್ದೆಯಿಂದ ಇಳಿಸಿದರೆ ‘ಡಿಮೋಟ್’. ಫುಟ್‌ಬಾಲ್ ತಂಡ ಕೆಳಗಿನ ಡಿವಿಷನ್‌ಗೆ ಇಳಿದರೆ ಮಾತ್ರ ‘ರೆಲಿಗೇಟ್’.

ಇನ್ನು ಬಯೋಡೇಟಾ. ಅಲ್ಲಿ ‘ಐ ವಾಸ್’ ಸುಮ್ನೆ ಜಾಗ ತಿನ್ನುತ್ತದೆ. ‘ಪ್ರಮೋಟೆಡ್ ಟು ಸೀನಿಯರ್ ಮ್ಯಾನೇಜರ್, 2023’ ಎಂದರೆ ಮುಗಿಯಿತು. ನೀವೇ ಯಾರಿಗಾದರೂ ಬಡ್ತಿ ಕೊಟ್ಟಿದ್ದರೆ ಮಾತ್ರ ಅವರು ಯಾರೆಂದು ಬರೆಯಿರಿ: ‘ಪ್ರಮೋಟೆಡ್ ತ್ರೀ ಕ್ಲರ್ಕ್ಸ್’.