ಕ್ಯೂನಿಂದ ಮೆಸೇಜ್ ಓದುವ ಕೋಡಿಗೆ ಟೆಸ್ಟ್ ಬರೆಯುವುದು ಹೇಗೆ? ಮೊದಲು ಸ್ಲೀಪ್ ತೆಗೆಯಿರಿ

"ಇನ್ನೊಂದ್ಸಲ ರನ್ ಮಾಡಿ, ಪಾಸ್ ಆಗುತ್ತೆ." ಟೆಸ್ಟ್ ಫೇಲ್ ಆದಾಗಲೆಲ್ಲ ಈ ಮಾತು ಕೇಳಿ ಕೇಳಿ ಬೇಸತ್ತು ಇದನ್ನು ಬರೆಯುತ್ತಿದ್ದೇನೆ. ಪ್ರೋಗ್ರಾಂಗಳ ನಡುವೆ ಮೆಸೇಜ್ ಸಾಗಿಸುವ ಕ್ಯೂ ಕಾಫ್ಕಾ ಇರಲಿ, ರ‍್ಯಾಬಿಟ್‌ಎಂಕ್ಯೂ ಇರಲಿ, ಮೆಸೇಜ್ ಬಂದಾಗ ಕೆಲಸ ಮಾಡುವ ಕೋಡಿಗೆ ಟೆಸ್ಟ್ ಬರೆಯುವವರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ: ಮೆಸೇಜ್ ಕಳಿಸಿದ ಮೇಲೆ ಎಷ್ಟು ಹೊತ್ತು ಕಾಯಬೇಕು?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಜಾವಾ ಭಾಷೆ, ಅದರ ಸ್ಪ್ರಿಂಗ್ ಬೂಟ್ ಫ್ರೇಮ್‌ವರ್ಕ್. ಕಾಫ್ಕಾ ಟಾಪಿಕ್‌ಗೆ, ಅಂದರೆ ಹೆಸರಿಟ್ಟ ಒಂದು ಮೆಸೇಜ್ ಸಾಲಿಗೆ, ಆರ್ಡರ್ ಮೆಸೇಜ್ ಬೀಳುತ್ತದೆ, ನಮ್ಮ ಲಿಸನರ್ ಅದನ್ನು ಓದಿ ಡೇಟಾಬೇಸಿನಲ್ಲಿ ಇನ್ವಾಯ್ಸ್ ಬರೆಯುತ್ತದೆ.

ಮೊದಲು ಲೆಕ್ಕಾಚಾರವನ್ನೆಲ್ಲ ಲಿಸನರ್‌ನಿಂದ ಬೇರೆ ಕ್ಲಾಸಿಗೆ ಎತ್ತಿಡಿ. ಜಿಎಸ್‌ಟಿ, ರಿಯಾಯಿತಿ ಇವಕ್ಕೆ ಸಾದಾ ಜೆಯೂನಿಟ್ ಟೆಸ್ಟ್ ಸಾಕು, ಕ್ಯೂ ಬೇಡವೇ ಬೇಡ.

ಆಮೇಲೆ ನಿಜವಾದ ಬ್ರೋಕರ್, ಅಂದರೆ ಮೆಸೇಜ್ ಇಟ್ಟುಕೊಂಡು ಹಂಚುವ ಸರ್ವರ್ ಬೇಕು. ಟೆಸ್ಟ್‌ಕಂಟೇನರ್ಸ್ ಬಳಸಿ. ಅದು ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಪ್ರತ್ಯೇಕವಾಗಿ ಓಡಿಸುವ ಸಾಧನ) ಕಾಫ್ಕಾ ಎಬ್ಬಿಸಿ, ಕೆಲಸ ಮುಗಿದ ಮೇಲೆ ತಾನೇ ಇಳಿಸುತ್ತದೆ. ತಂಡಕ್ಕೆಲ್ಲ ಒಂದೇ ಡೆವ್ ಸರ್ವರ್ ಇದೆಯಲ್ಲ ಅಂತ ಅದನ್ನೇ ಟೆಸ್ಟಿಗೆ ಬಳಸಬೇಡಿ. ಪಕ್ಕದವರ ಲಿಸನರ್, ಮೆಸೇಜ್ ಹಂಚಿಕೊಂಡು ಓದುವ ಅದೇ ಕನ್ಸ್ಯೂಮರ್ ಗ್ರೂಪ್‌ನಲ್ಲಿದ್ದರೆ ನಿಮ್ಮ ಮೆಸೇಜನ್ನು ಅದು ನುಂಗಿಬಿಡುತ್ತದೆ, ನೀವು ಸುಮ್ನೆ ಕಾಯುತ್ತಾ ಕೂರುತ್ತೀರಿ. ಇನ್ನೊಂದು ಮಾತು: ಕಾಫ್ಕಾದಲ್ಲಿ ಹೊಸ ಗ್ರೂಪ್ ಎಲ್ಲಿಂದ ಓದಬೇಕು ಅನ್ನುವ ಸೆಟ್ಟಿಂಗ್ ತಾನಾಗಿ 'ಲೇಟೆಸ್ಟ್' ಇರುತ್ತದೆ. ಲಿಸನರ್ ಸೇರಿಕೊಳ್ಳುವ ಮೊದಲೇ ನೀವು ಕಳಿಸಿದ್ದು ಅದಕ್ಕೆ ಕಾಣುವುದೇ ಇಲ್ಲ. ಟೆಸ್ಟಿನಲ್ಲಿ 'ಅರ್ಲಿಯೆಸ್ಟ್' ಮಾಡಿ.

ಈಗ ಕಾಯುವ ವಿಷಯ. ನಾನಿದ್ದ ಒಂದು ತಂಡದಲ್ಲಿ ಥ್ರೆಡ್ ಸ್ಲೀಪ್ (ಕೋಡನ್ನು ಇಷ್ಟು ಹೊತ್ತು ಸುಮ್ಮನೆ ನಿಲ್ಲಿಸುವ ಆಜ್ಞೆ) 2 ಸೆಕೆಂಡಿನಿಂದ ಶುರುವಾಗಿ 5 ಆಯಿತು, 10 ಆಯಿತು. ಅಂಥ 60 ಟೆಸ್ಟ್ ಇದ್ದವು, ಅಂದರೆ ಬರೀ ನಿದ್ದೆಗೇ 10 ನಿಮಿಷ, ಅಷ್ಟಾದರೂ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಸಿಐ ಮೆಷಿನ್ ನಿಧಾನವಾದ ದಿನ ಫೇಲ್. ಸ್ಲೀಪ್ ಬದಲು ಅವೈಟಿಲಿಟಿ ಲೈಬ್ರರಿ ಹಾಕಿಕೊಳ್ಳಿ. ನೀವೇನೂ ಹೇಳದಿದ್ದರೆ ಅದು 100 ಮಿಲಿಸೆಕೆಂಡಿಗೊಮ್ಮೆ ಇಣುಕಿ ನೋಡುತ್ತದೆ, 10 ಸೆಕೆಂಡಿಗೆ ಕೈಬಿಡುತ್ತದೆ. ಇನ್ವಾಯ್ಸ್ 300 ಮಿಲಿಸೆಕೆಂಡಿನಲ್ಲೇ ಬಂದರೆ ಟೆಸ್ಟ್ ಆಗಲೇ ಮುಂದೆ ಹೋಗುತ್ತದೆ. ಹಾಗಾಗಿ ಗಡುವನ್ನು 30 ಸೆಕೆಂಡ್ ಇಟ್ಟರೂ ನಷ್ಟವಿಲ್ಲ.

ಯಾವುದಕ್ಕೆ ಕಾಯುತ್ತೀರಿ ಅನ್ನುವುದೂ ಮುಖ್ಯ. ಲಿಸನರ್ ಮೊದಲು ಇನ್ವಾಯ್ಸ್ ಬರೆದು, ಆಮೇಲೆ ಮೇಲ್‌ಗೆ ಇನ್ನೊಂದು ಮೆಸೇಜ್ ಕಳಿಸುತ್ತದೆ ಅನ್ನಿ. ಇನ್ವಾಯ್ಸ್ ಕಂಡ ತಕ್ಷಣ ಮೇಲ್ ಮೆಸೇಜ್ ಹುಡುಕಿದರೆ ಕೆಲವೊಮ್ಮೆ ಸಿಗುತ್ತದೆ, ಕೆಲವೊಮ್ಮೆ ಇಲ್ಲ. ಕೊನೆಗೆ ಆಗುವ ಕೆಲಸಕ್ಕೆ ಕಾಯಿರಿ.

ಟೆಸ್ಟಿನ ಮೇಲಿರುವ ಟ್ರಾನ್ಸಾಕ್ಷನಲ್ ಅನೋಟೇಶನ್ನನ್ನೂ (ಟೆಸ್ಟ್ ಬರೆದದ್ದನ್ನೆಲ್ಲ ಕೊನೆಗೆ ರದ್ದು ಮಾಡುವ ಗುರುತು) ಕಿತ್ತುಹಾಕಿ. ಟೆಸ್ಟ್ ಒಳಗೆ ಗ್ರಾಹಕರ ದಾಖಲೆ ಸೇರಿಸಿರುತ್ತೀರಿ, ಆದರೆ ಅದು ಕಮಿಟ್ (ಡೇಟಾಬೇಸಿನಲ್ಲಿ ಖಾಯಂ) ಆಗಿರುವುದಿಲ್ಲ. ಲಿಸನರ್ ಓಡುವುದು ಬೇರೆ ಥ್ರೆಡ್‌ನಲ್ಲಿ, ಅದಕ್ಕೆ ಆ ದಾಖಲೆ ಕಾಣಿಸುವುದಿಲ್ಲ. 'ಗ್ರಾಹಕ ಸಿಗಲಿಲ್ಲ' ಅಂತ ಲಾಗ್ ಬರುತ್ತದೆ, ಟೆಸ್ಟಿನೊಳಗಿಂದ ನೀವು ನೋಡಿದರೆ ದಾಖಲೆ ಅಲ್ಲೇ ಇದೆ! ಇದನ್ನು ಪತ್ತೆ ಮಾಡಲು ನನಗೆ ಇಡೀ ಒಂದು ದಿನ ಹಿಡಿದಿತ್ತು. ಅನೋಟೇಶನ್ ತೆಗೆದರೆ ರೋಲ್‌ಬ್ಯಾಕ್ ಇರುವುದಿಲ್ಲ, ಹಳೆಯ ದಾಖಲೆ ಉಳಿಯುತ್ತದೆ, ಆದ್ದರಿಂದ ಪ್ರತಿ ಟೆಸ್ಟಿಗೂ ಹೊಸ ಆರ್ಡರ್ ಐಡಿ ಕೊಡಿ.

ಇದಕ್ಕಿಂತ ಕಷ್ಟದ್ದು ಏನೂ ಆಗಲಿಲ್ಲ ಅಂತ ತೋರಿಸುವುದು. ಇನ್ವಾಯ್ಸ್ ಬರೆದು, ಆಫ್‌ಸೆಟ್ (ಎಲ್ಲಿಯವರೆಗೆ ಓದಿದ್ದೇವೆ ಎಂಬ ಗುರುತು) ಕಮಿಟ್ ಮಾಡುವ ಮೊದಲೇ ಪ್ರೋಗ್ರಾಂ ಬಿದ್ದರೆ ಅದೇ ಮೆಸೇಜ್ ಮತ್ತೆ ಬರುತ್ತದೆ. ಆಗ ಎರಡನೇ ಇನ್ವಾಯ್ಸ್ ಹುಟ್ಟಬಾರದು, ಅಲ್ವಾ? ಇಲ್ಲಿ ಎಷ್ಟು ಹೊತ್ತು ಕಾದರೂ ಖಾತ್ರಿ ಇಲ್ಲ. ನಾನು ಮಾಡುವುದು ಹೀಗೆ: ಅದೇ ಆರ್ಡರನ್ನು ಎರಡು ಸಲ ಕಳಿಸುತ್ತೇನೆ, ಬೆನ್ನಿಗೇ ಬೇರೊಂದು ಆರ್ಡರ್ ಕಳಿಸುತ್ತೇನೆ. ಮೂರಕ್ಕೂ ಕೀ ಒಂದೇ, ಗ್ರಾಹಕರ ಐಡಿ. ಕೀ ಒಂದೇ ಆದರೆ ಟಾಪಿಕ್‌ನ ಒಂದೇ ಭಾಗಕ್ಕೆ, ಅಂದರೆ ಒಂದೇ ಪಾರ್ಟಿಷನ್‌ಗೆ ಬೀಳುತ್ತವೆ, ಅದರೊಳಗೆ ಸಾಲು ತಪ್ಪುವುದಿಲ್ಲ. ಮೂರನೆಯದರ ಇನ್ವಾಯ್ಸ್ ಬಂತೆಂದರೆ ಮೊದಲೆರಡರ ಕೆಲಸ ಮುಗಿದಿದೆ ಎಂದೇ ಅರ್ಥ. ಆಗ ಎಣಿಸಿ: ಮೊದಲ ಆರ್ಡರಿಗೆ ಒಂದೇ ಇನ್ವಾಯ್ಸ್ ಇರಬೇಕು.

ಕೆಟ್ಟ ಮೆಸೇಜಿಗೂ ಒಂದು ಟೆಸ್ಟ್ ಇರಲಿ. ಲಿಸನರ್ ಎಡವಿದರೆ ಸ್ಪ್ರಿಂಗ್ ಕಾಫ್ಕಾ ತಾನಾಗಿ ಸಾಮಾನ್ಯವಾಗಿ 10 ಸಲ ಪ್ರಯತ್ನಿಸಿ, ಲಾಗ್ ಬರೆದು ಮುಂದೆ ಹೋಗುತ್ತದೆ. ಡೆಡ್ ಲೆಟರ್ ಟಾಪಿಕ್ (ಕೆಟ್ಟ ಮೆಸೇಜ್‌ಗಳನ್ನು ಎತ್ತಿಡುವ ಜಾಗ) ನೀವೇ ಜೋಡಿಸದಿದ್ದರೆ ಆ ಆರ್ಡರ್ ಹೋದಂತೆಯೇ. ಅರ್ಧಕ್ಕೆ ಕತ್ತರಿಸಿದ ಜೇಸನ್ ಮೆಸೇಜ್ ಒಂದು, ಸರಿಯಾದ ಆರ್ಡರ್ ಒಂದು ಕಳಿಸಿ. ಮೊದಲನೆಯದು ಡೆಡ್ ಲೆಟರ್‌ನಲ್ಲಿ ಸಿಗಬೇಕು, ಎರಡನೆಯದಕ್ಕೆ ಇನ್ವಾಯ್ಸ್ ಬರಬೇಕು.

ಫೇಲ್ ಆದ ಟೆಸ್ಟನ್ನು ತಾನಾಗಿ ಮತ್ತೆ ಓಡಿಸುವ ಬಿಲ್ಡ್ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ. ಮುಖ್ಯ ಕೋಡಿಗೆ ಮರ್ಜ್ ಮಾಡುವ ಮೊದಲು ಜೆಯೂನಿಟ್ 5ರ ರಿಪೀಟೆಡ್ ಟೆಸ್ಟ್ ಹಾಕಿ, ಹೊಸ ಟೆಸ್ಟನ್ನು 50 ಸಲ ಓಡಿಸಿ. ಸಾಧ್ಯವಾದರೆ ಡಾಕರ್‌ಗೆ ಒಂದೇ ಸಿಪಿಯು ಕೊಟ್ಟು ಓಡಿಸಿ. 50ರಲ್ಲಿ ಒಂದು ಬಿದ್ದರೂ ಮರ್ಜ್ ಮಾಡಬೇಡಿ.